ಗೇಜಿನ ಮುಳ್ಳು ಯಾವ ಅಳತೆಯಲ್ಲಿದೆ?



ಒತ್ತಡದ ಲೆಕ್ಕ ನಮಗೇನೂ ಹೊಸದಲ್ಲ. ಜೀಪಿನ ಟೈರಿಗೆ ಗಾಳಿ ಹಾಕಿಸುವಾಗ ಪಿಎಸ್‌ಐ ಎನ್ನುತ್ತೇವೆ. ಕಾಫಿಗೆ ಹೂವಿನ ನೀರು ಕೊಡುವಾಗ ಪಂಪಿನ ಒತ್ತಡವನ್ನು ಕೆ.ಜಿ. ಲೆಕ್ಕದಲ್ಲಿ ಹೇಳುತ್ತೇವೆ. ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಎಂದರೆ ಸುಮಾರು 14.2 ಪಿಎಸ್‌ಐ. ಅಲ್ಲಿ ಒತ್ತಡ ಕಡಿಮೆಯಾದರೆ ಸ್ಪ್ರಿಂಕ್ಲರ್ ನೀರು ಹತ್ತಿರದಲ್ಲೇ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಹಾಲು ಕರೆಯುವ ಯಂತ್ರದಲ್ಲಿ ಹಾಗಲ್ಲ. ತಪ್ಪು ಗೊತ್ತಾಗುವುದು ಕೆಚ್ಚಲು ಕೆಟ್ಟ ಮೇಲೆ.

ಈ ಯಂತ್ರದ ಗೇಜ್ ತೋರಿಸುವುದು ಗಾಳಿಯ ಎಳೆತವನ್ನು, ಅಂದರೆ ವ್ಯಾಕ್ಯೂಮನ್ನು. ಒಂದು ಗೇಜಿನಲ್ಲಿ ಅದು ಕಿಲೋಪ್ಯಾಸ್ಕಲ್, ಇನ್ನೊಂದರಲ್ಲಿ ಪಾದರಸದ ಸೆಂಟಿಮೀಟರ್ ಅಥವಾ ಮಿಲಿಮೀಟರ್, ಮತ್ತೊಂದರಲ್ಲಿ ಪಾದರಸದ ಇಂಚು. 50 ಕಿಲೋಪ್ಯಾಸ್ಕಲ್ ಎಂದರೆ 37.5 ಸೆಂಟಿಮೀಟರ್, 375 ಮಿಲಿಮೀಟರ್, ಸುಮಾರು 14.8 ಇಂಚು. ನಾಲ್ಕೂ ಒಂದೇ ಎಳೆತ.

ಪುಸ್ತಿಕೆಯಲ್ಲಿ 50 ಕಿಲೋಪ್ಯಾಸ್ಕಲ್ ಎಂದಿದೆ, ಗೇಜ್ ಸೆಂಟಿಮೀಟರಿನದು ಎಂದುಕೊಳ್ಳಿ. ಮುಳ್ಳನ್ನು 50ಕ್ಕೆ ತಂದು ನಿಲ್ಲಿಸಿದರೆ ಎಳೆತ ಸುಮಾರು 67 ಕಿಲೋಪ್ಯಾಸ್ಕಲ್ ಆಯಿತು, ಬೇಕಾದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಹೀಗೆ ದಿನವೂ ಎಳೆದರೆ ಮೊಲೆತೊಟ್ಟಿನ ತುದಿ ಗಡುಸಾಗಿ ಒಡೆಯುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಎಳೆತ ತೀರಾ ಕಡಿಮೆಯಾದರೆ ಕಪ್ಪುಗಳು ಜಾರುತ್ತವೆ, ಕರೆಯಲು ಹೊತ್ತು ಹಿಡಿಯುತ್ತದೆ.

ನಮ್ಮದು ಎತ್ತರದ ಊರು, ಲೆಕ್ಕ ಬದಲಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಸಾವಿರ ಮೀಟರ್ ಎತ್ತರದಲ್ಲಿ ಹೊರಗಾಳಿಯ ಒತ್ತಡ 101ರಿಂದ ಸುಮಾರು 90 ಕಿಲೋಪ್ಯಾಸ್ಕಲ್‌ಗೆ ಇಳಿದಿರುತ್ತದೆ, ನಿಜ. ಆದರೆ ಸಾಮಾನ್ಯ ಗೇಜ್ ಆ ಹೊರಗಾಳಿಗೆ ಹೋಲಿಸಿಯೇ ಎಳೆತ ತೋರಿಸುತ್ತದೆ. ಮುಳ್ಳು ನಿಲ್ಲಬೇಕಾದ ಜಾಗ ಬದಲಾಗುವುದಿಲ್ಲ. ಪಂಪಿನ ಶಕ್ತಿ ಮಾತ್ರ ಬಯಲುಸೀಮೆಗಿಂತ ತುಸು ಕಡಿಮೆ ಸಿಗುತ್ತದೆ. ಕೊಳ್ಳುವಾಗ ಅದನ್ನು ಕೇಳಿಕೊಳ್ಳಿ.

ಮೆಕ್ಯಾನಿಕ್ ಸೆಟ್ ಮಾಡಿ ಹೋಗುತ್ತಾನಲ್ಲ, ನಮಗೇಕೆ ಈ ಲೆಕ್ಕ ಎನ್ನುವವರಿದ್ದಾರೆ. ಮೆಕ್ಯಾನಿಕ್ ಬರುವುದು ಅಪರೂಪಕ್ಕೆ, ನಾವು ಕರೆಯುವುದು ದಿನಕ್ಕೆ ಎರಡು ಹೊತ್ತು. ನಡುವೆ ರೆಗ್ಯುಲೇಟರಿಗೆ ಧೂಳು ಕಟ್ಟಿದರೆ ಮೊದಲು ಕಾಣಬೇಕಾದವರು ನಾವೇ.

ಮೆಟ್ರಿಕ್ ಅಳತೆಗೆ ದೇಶದಲ್ಲಿ ಕಾಯ್ದೆ ಬಂದದ್ದು 1956ರಲ್ಲಿ. ಡೇರಿಯಲ್ಲಿ ಇಂದು ಯಾರೂ ಸೇರು, ಪಾವಿನಲ್ಲಿ ಹಾಲು ಅಳೆಯುವುದಿಲ್ಲ. ಹಾಲಿಗೆ ಒಂದೇ ಅಳತೆ ಇರುವಾಗ ಹಾಲು ಕರೆಯುವ ಯಂತ್ರಕ್ಕೆ ಮೂರು ನಾಲ್ಕು ಯಾಕೆ? ಮಾರುವವರು ಪುಸ್ತಿಕೆಯಲ್ಲೂ ಗೇಜಿನಲ್ಲೂ ಕಿಲೋಪ್ಯಾಸ್ಕಲ್ ಒಂದನ್ನೇ ಕೊಡಲಿ. ನಮ್ಮ ಸಂಘಗಳು ಅದನ್ನು ಖರೀದಿಯ ಷರತ್ತಾಗಿ ಕೇಳಲಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ಪುಸ್ತಿಕೆಯಲ್ಲಿ ಹೇಳಿದ ಎಳೆತವನ್ನು ನಿಮ್ಮ ಗೇಜಿನ ಅಳತೆಗೆ ತಂದುಕೊಳ್ಳಿ. ಕಿಲೋಪ್ಯಾಸ್ಕಲನ್ನು 7.5ರಿಂದ ಗುಣಿಸಿದರೆ ಮಿಲಿಮೀಟರ್, 3.39ರಿಂದ ಭಾಗಿಸಿದರೆ ಇಂಚು. ಬಂದ ಜಾಗಕ್ಕೆ ಗೇಜಿನ ಗಾಜಿನ ಮೇಲೆ ಹಸಿರು ಬಣ್ಣದ ಗೆರೆ ಎಳೆಯಿರಿ. ಆಮೇಲೆ ಯಾರು ಹಾಲು ಕರೆದರೂ ಮುಳ್ಳು ಗೆರೆಯ ಮೇಲಿದೆಯೇ ಎಂದು ನೋಡಿದರೆ ಸಾಕು.