ತೇರಿನ ಲೆಕ್ಕ

ನಮ್ಮ ಕಡೆ ಚರ್ಚಿನ ಹಬ್ಬ ಹೇಗಾಯಿತೆಂದು ಯಾರನ್ನಾದರೂ ಕೇಳಿ ನೋಡಿ. ತೇರಿಗೆ ಎಷ್ಟು ಹೂವು ಹೊದಿಸಿದ್ದರು, ಬ್ಯಾಂಡಿನವರು ಎಲ್ಲಿಂದ ಬಂದಿದ್ದರು, ಪಟಾಕಿ ಎಷ್ಟು ಹೊತ್ತು ಸಿಡಿಯಿತು, ಊಟಕ್ಕೆ ಎಷ್ಟು ಪಂಕ್ತಿಯಾಯಿತು, ಎಲ್ಲವನ್ನೂ ಬೆರಳು ಮಡಿಸಿ ಹೇಳುತ್ತಾರೆ. ಒಂಬತ್ತು ದಿನದ ನೊವೇನದಲ್ಲಿ ಎಷ್ಟು ಜನ ಪಾಪನಿವೇದನೆಗೆ ಮೊಣಕಾಲೂರಿದರು, ಯಾವ ಮನೆಯ ಅಣ್ಣತಮ್ಮಂದಿರು ಹಳೆಯ ಹಗೆ ಮರೆತು ರಾಜಿಯಾದರು ಎಂದು ಮಾತ್ರ ಹೇಳುವವರಿಲ್ಲ. ಕೇಳುವವರೂ ಇಲ್ಲ.

ತೇರೇ ಬೇಡ ಎನ್ನುವವನು ನಾನಲ್ಲ. ಪೇಟೆಯಲ್ಲಿ ಓದಿ ಬಂದ ನಮ್ಮವರೇ ಕೆಲವರಿಗೆ ತೇರು ಕಂಡರೆ ನಾಚಿಕೆ. ಅದೆಲ್ಲ ತಿಳಿಯದವರ ಭಕ್ತಿ ಎಂದು ಮೂಗು ಮುರಿಯುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇದು ಜಾತ್ರೆಗಳ ಸೀಮೆ. ಹನೂರಿನ ದಾರಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು, ಯಳಂದೂರಿನ ಆಚೆ ಬಿಳಿಗಿರಿರಂಗನಿಗೆ ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸುವವರನ್ನು ಕಂಡು ಬೆಳೆದವರು ನಾವು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ, ಸಂದನಪಾಳ್ಯದ ಕಡೆ ಇಂದಿಗೂ ತಮಿಳಾಡುವ ಕಥೋಲಿಕ ಮನೆಗಳಿವೆ. ಎರಡು ನುಡಿಯ ಜನ ಒಂದೇ ಮಾತೆಯ ತೇರಿಗೆ ಹೆಗಲು ಕೊಡುವುದು ಸಣ್ಣ ಮಾತಲ್ಲ. ಪೋಪ್ ಆರನೆಯ ಪೌಲರು ಕೂಡ 1975ರಲ್ಲಿ ಜನಸಾಮಾನ್ಯರ ಭಕ್ತಿಯನ್ನು ಹಗುರವಾಗಿ ಕಾಣಲಿಲ್ಲ. ಬಡವರ ಆ ಭಕ್ತಿಗೆ ಬೆಲೆ ಕೊಟ್ಟರು, ಅದು ದಾರಿ ತಪ್ಪುವುದೂ ಉಂಟೆಂದು ಎಚ್ಚರಿಸಿದರು.

ನಮ್ಮಲ್ಲಿ ದಾರಿ ತಪ್ಪಿಸಿರುವುದು ಹೆಸರಿನ ಆಸೆ. ಫ್ಲೆಕ್ಸಿನಲ್ಲಿ ಮಾತೆಯ ಮುಖಕ್ಕಿಂತ ದಾನಿಗಳ ಮುಖ ದೊಡ್ಡದು. ಜಪಸರದ ಒಂದು ರಹಸ್ಯಕ್ಕೂ ಇನ್ನೊಂದಕ್ಕೂ ನಡುವೆ ಮೈಕಿನಲ್ಲಿ ಯಾರು ಎಷ್ಟು ಕೊಟ್ಟರೆಂಬ ಪ್ರಕಟಣೆ. ಮನೆಗಿಷ್ಟು ಎಂದು ವಂತಿಗೆ ಗೊತ್ತುಮಾಡಿದ ಮೇಲೆ ಕೂಲಿ ಮಾಡುವವನು ಬಡ್ಡಿಗೆ ಸಾಲ ತಂದಾದರೂ ಕಟ್ಟಬೇಕು. ಹಬ್ಬ ಮುಗಿದ ಮಾರನೆಯ ವಾರ ಅವನು ಹೆಂಡತಿ ಮಕ್ಕಳೊಡನೆ ಕೊಡಗಿನ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಂಟು ಕಟ್ಟುತ್ತಾನೆ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ಯೇಸುಸ್ವಾಮಿ ಮೆಚ್ಚಿ ಕೊಂಡಾಡಿದರು. ಆಕೆ ಇಂದು ನಮ್ಮ ಊರಿನಲ್ಲಿದ್ದಿದ್ದರೆ ಅವಳ ಹೆಸರು ಬಾಕಿದಾರರ ಪಟ್ಟಿಯಲ್ಲಿರುತ್ತಿತ್ತು.

ದೇವರ ಹೆಸರಿನ ಹಣ, ಅದರ ಮೇಲಿನ ಒಡೆತನ ಎಲ್ಲಿಗೆ ಮುಟ್ಟಬಹುದೆಂಬುದನ್ನು ಈ ಮಣ್ಣು ಕಂಡಿದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ ನಡೆಯಿತು. ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಗುಡಿಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳವೇ ಇದರ ಮೂಲವೆಂದು ಪೊಲೀಸರು ಆರೋಪ ಹೊರಿಸಿದರು. ಅದು ಬೇರೆಯವರ ಗುಡಿಯ ಕಥೆ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸತ್ತವರು ನಮ್ಮ ನೆರೆಹೊರೆಯವರು. ಕೈ ಮುಗಿದು, ಕೊಟ್ಟ ತುತ್ತನ್ನು ನಂಬಿ ಉಂಡವರು. ನಮ್ಮ ಚರ್ಚಿನ ಅಂಗಳದಲ್ಲಿ ವಿಷದವರೆಗೆ ಹೋಗಿಲ್ಲ, ನಿಜ. ಆದರೆ ಸಮಿತಿ ನನ್ನ ಕೈಯಲ್ಲಿರಬೇಕು, ತೇರಿನ ಹಗ್ಗ ಮೊದಲು ನಾನೇ ಹಿಡಿಯಬೇಕು, ಲೆಕ್ಕ ಕೇಳಬಾರದು ಎನ್ನುವ ಗುಣ ನಮ್ಮಲ್ಲೂ ಇದೆ. ಒಳಗೆ ಹುಳುಕು, ಹೊರಗೆ ಥಳುಕು.

ಅಲ್ಪಸಂಖ್ಯಾತರಾದ ನಾವು ಅದ್ದೂರಿಯಾಗಿ ಮಾಡದಿದ್ದರೆ ಊರಿನಲ್ಲಿ ನಮಗೇನು ಬೆಲೆ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಅದೇ ದಿನ ಸಿಕ್ಕಿತು. ಸುಳ್ವಾಡಿಯಲ್ಲಿ ಅಸ್ವಸ್ಥರಾದವರನ್ನು ಮೊದಲು ಸಾಗಿಸಿದ ಆಸ್ಪತ್ರೆಗಳಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ ಒಂದು. ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆ ಅದು. ಮಾರಮ್ಮನ ಒಕ್ಕಲಿನವರನ್ನು ಅಲ್ಲಿ ಯಾರೂ ಜಾತಿ ಧರ್ಮ ಕೇಳಲಿಲ್ಲ. ಅಲ್ಲಿ ಬ್ಯಾಂಡಿರಲಿಲ್ಲ, ಸೀರಿಯಲ್ ಸೆಟ್ಟಿರಲಿಲ್ಲ. ಶಿಲುಬೆಯ ಮೇಲೆ ಈ ಸೀಮೆಯ ಜನಕ್ಕೆ ಗೌರವ ಇದ್ದರೆ ಅದು ಅಂಥ ಕಡೆಯಿಂದ ಬಂದದ್ದು. ಯಾವ ಪಟಾಕಿಯೂ ಅದನ್ನು ತಂದುಕೊಡಲಿಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಟ್ಟುಕೊಂಡು ಕ್ರಿಸ್ಮಸ್ ಆಚರಿಸಿದರು. ನಾವು ಇಂದು ಮನೆಮನೆಯಲ್ಲಿ ಕಟ್ಟುವ ಗೋದಲಿಗೆ ಅದೇ ಮೇಲ್ಪಂಕ್ತಿ. ಅದಕ್ಕೆ ಎಷ್ಟು ಖರ್ಚಾಗಿರಬಹುದು, ದಾನಿಗಳು ಯಾರು ಯಾರು, ನಮ್ಮ ಸಮಿತಿಯವರು ಸ್ವಲ್ಪ ಯೋಚಿಸಲಿ.

ನಾನು ಕೇಳುವುದು ಹೆಚ್ಚೇನಲ್ಲ. ದಾನಿಗಳ ಹೆಸರು ಮೈಕಿನಲ್ಲೂ ಬೇಡ, ಗೋಡೆಯಲ್ಲೂ ಬೇಡ. ಮನೆಗಿಷ್ಟು ಎಂಬ ವಂತಿಗೆ ನಿಲ್ಲಲಿ. ಕೊಡುವವರು ಕೈಲಾದಷ್ಟು ಡಬ್ಬಿಗೆ ಹಾಕಲಿ. ಹಬ್ಬದ ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಜಮಾ ಖರ್ಚನ್ನು ಎಲ್ಲರ ಮುಂದೆ ಓದಲಿ. ಬ್ಯಾಂಡಿಗೂ ಪಟಾಕಿಗೂ ಎಷ್ಟು ಕೊಟ್ಟೆವೋ ಅಷ್ಟನ್ನೇ ಊರಿನ ರೋಗಿಗಳ ಔಷಧಿಗೆ, ಯಾವ ಮತದವರೆಂದು ಕೇಳದೆ, ಎತ್ತಿಡಲಿ. ತೇರು ದೊಡ್ಡವರ ಬೀದಿಯಲ್ಲಿ ನಿಂತಷ್ಟೇ ಹೊತ್ತು ಗುಡಿಸಲುಗಳ ಮುಂದೆಯೂ ನಿಲ್ಲಲಿ. ಇಷ್ಟಾದರೆ ತೇರಿಗೆ ಮೊದಲು ಹೆಗಲು ಕೊಡುವವರಲ್ಲಿ ನಾನೂ ಒಬ್ಬ. ಮುಂದಿನ ಹಬ್ಬದ ಸಭೆ ಕರೆದಾಗ ಯಾರಾದರೂ ಒಬ್ಬರು ಎದ್ದು ನಿಂತು ಹೋದ ವರ್ಷದ ಲೆಕ್ಕವನ್ನು ಕೇಳಲಿ. ಕೇಳಿದವರನ್ನು ಧರ್ಮದ್ರೋಹಿ ಎನ್ನದೆ ಉತ್ತರ ಕೊಡುವ ದಿನ, ನಮ್ಮ ಊರಿನಲ್ಲಿ ನಿಜವಾದ ಹಬ್ಬಕ್ಕೆ ಬಾವುಟ ಏರಿತೆಂದು ತಿಳಿಯೋಣ.