ಹೊಸ ಬಾಣಲೆಯ ಊಟ

ವಿಜಯನಗರದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟುಕೊಂಡಿರುವ ನಮ್ಮಂಥ ಬ್ಯಾರಿಗಳಿಗೆ ಚೀನಾ ಅಂದರೆ ಝೆಜಿಯಾಂಗ್ ಪ್ರಾಂತ್ಯದ ಈವು ಪಟ್ಟಣ. ಹೇರ್‌ಕ್ಲಿಪ್ಪಿನಿಂದ ಹಿಡಿದು ಆಟಿಕೆಯವರೆಗೆ ಎಲ್ಲವೂ ಅಲ್ಲಿ ಸಗಟಿಗೆ ಸಿಗುತ್ತದೆ. ಕೊರೊನಾಕ್ಕೆ ಮುಂಚೆ ನಾವು ಗಂಡ-ಹೆಂಡತಿ ಒಟ್ಟಿಗೆ ಹೋಗಿದ್ದೆವು. ಊಟಕ್ಕೆ ತೊಂದರೆಯಾಗಲಿಲ್ಲ. ‘ಚಿಂಗ್‌ಝೆನ್’ ಎಂದು ಬೋರ್ಡು ಹಾಕಿದ ಹಲಾಲ್ ಹೋಟೆಲುಗಳಲ್ಲಿ ಹುಯಿ ಮುಸ್ಲಿಮರು ಕೈಯಲ್ಲೇ ಎಳೆದು ಮಾಡುವ ನೂಡಲ್ಸ್ ಸಿಗುತ್ತಿತ್ತು.

ತೊಂದರೆ ಶುರುವಾದದ್ದು ನಮ್ಮ ದುಭಾಷಿ ಹುಡುಗಿ “ನಾಳೆ ನಮ್ಮನೆಗೇ ಊಟಕ್ಕೆ ಬನ್ನಿ” ಎಂದಾಗ. ಅವರು ಮುಸ್ಲಿಮರಲ್ಲ. ಹೋಗದಿದ್ದರೆ ಅವಳಿಗೆ ಬೇಸರ, ಹೋದರೆ ನಮಗೆ ಹೆದರಿಕೆ. ಕೊನೆಗೆ ಸಂಕೋಚ ಬಿಟ್ಟು ಹೇಳಿಯೇಬಿಟ್ಟೆವು: ಹಂದಿ ಆಗೋದಿಲ್ಲ, ಅದರ ಕೊಬ್ಬೂ ಆಗೋದಿಲ್ಲ, ಅಡುಗೆಗೆ ಹಾಕುವ ಅಕ್ಕಿಯ ಮದ್ಯವೂ ಬೇಡ, ಹಲಾಲ್ ಅಲ್ಲದ ಕೋಳಿಯೂ ಬೇಡ.

ಮರುದಿನ ಹೋದರೆ ಅವಳ ತಾಯಿ ಮೊದಲು ತೋರಿಸಿದ್ದು ಊಟವನ್ನಲ್ಲ, ಒಂದು ಹೊಸ ಬಾಣಲೆಯನ್ನು. ಬೆಲೆಯ ಚೀಟಿ ಇನ್ನೂ ಹಿಡಿಗೆ ಅಂಟಿಕೊಂಡಿತ್ತು. ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಮೀನು, ಟೊಮೆಟೊ-ಮೊಟ್ಟೆ, ತೋಫು, ಸೊಪ್ಪು, ಅನ್ನ. ಬಟ್ಟಲು ಖಾಲಿಯಾದಂತೆ ಅವರೇ ತುಂಬುತ್ತಿದ್ದರು, ಥೇಟ್ ನಮ್ಮ ಉಮ್ಮಂದಿರ ಹಾಗೆ. ಅಲ್ಲಿನ ಹಿರಿಯರು ಎದುರಾದವರನ್ನು ಮಾತಾಡಿಸುವುದೂ “ಊಟ ಆಯ್ತಾ?” ಎಂದೇ ಅಂತೆ.

ಇದೇ ಝೆಜಿಯಾಂಗ್‌ನ ಶಾವ್‌ಶಿಂಗ್ ಊರಿನ ಮಾ ಹುವಾನ್ ಎಂಬ ಮುಸ್ಲಿಮ್, 1413ರಲ್ಲಿ ಹೊರಟ ಝೆಂಗ್ ಹೆಯ ನೌಕಾಪಡೆಯಲ್ಲಿ ದುಭಾಷಿಯಾಗಿದ್ದ. ಕಲ್ಲಿಕೋಟೆಯ ಬಗ್ಗೆ ಅವನು ಬರೆದಿಟ್ಟ ಸಂಗತಿಯೊಂದಿದೆ: ಹಿಂದೊಬ್ಬ ರಾಜ ಅಲ್ಲಿನ ಮುಸ್ಲಿಮರೊಂದಿಗೆ ಒಪ್ಪಂದ ಮಾಡಿಕೊಂಡಿದ್ದನಂತೆ. ನೀವು ದನ ತಿನ್ನಬೇಡಿ, ನಾವು ಹಂದಿ ತಿನ್ನುವುದಿಲ್ಲ. ಒಪ್ಪಂದದ ಸರಿ-ತಪ್ಪಿನ ಚರ್ಚೆ ಬೇರೆ. ನಮಗೆ ಹಿಡಿಸಿದ್ದು, ನಿಮಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಎರಡು ಕಡೆಯವರೂ ಬಾಯಿಬಿಟ್ಟು ಮಾತಾಡಿದ್ದು.

ನಾವು ಇಲ್ಲಿ ಮಾತಾಡಿದ್ದೇವಾ? ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ‘ವೆಜಿಟೇರಿಯನ್ನರಿಗೆ ಮಾತ್ರ’ ಎಂಬ ಬೋರ್ಡು ಗೊತ್ತು. ಬೋರ್ಡಿಲ್ಲದ ಕಡೆ ಹೆಸರು ಕೇಳಿದ ಮೇಲೆ ಬ್ರೋಕರ್ ರಾಗ ಬದಲಿಸುವುದೂ ಗೊತ್ತು. ಅದು ಅನ್ಯಾಯವೇ. ಅದರ ಬಗ್ಗೆ ಪೆರ್ನಾಲ್ ದಿನ ಕೂತು ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಹನ್ನೆರಡು ವರ್ಷದಲ್ಲಿ ಪಕ್ಕದ ಮನೆಯವರು ಎಷ್ಟು ಸಲ ನಮ್ಮಲ್ಲಿ ಊಟ ಮಾಡಿದ್ದಾರೆ? ಒಂದು ಸಲವೂ ಇಲ್ಲ. ಯುಗಾದಿಗೆ ಮೇಲಿನ ಮನೆ ಆಂಟಿ ಹೋಳಿಗೆ ಕಳಿಸುತ್ತಾರೆ. ಡಬ್ಬಿ ಖಾಲಿ ಕೊಡಬಾರದೆಂದು ನಾವು ಖರ್ಜೂರ ಹಾಕಿ ಕೊಡುತ್ತೇವೆ. ಅಲ್ಲಿಗೆ ಮುಗಿಯಿತು. ‘ಅವರು ನಮ್ಮಲ್ಲಿ ಉಣ್ಣೋದಿಲ್ಲ’ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು, ಕೇಳದೆಯೇ.

“ಯಾವಾಗಲೂ ನಾವೇ ಯಾಕೆ ಬಗ್ಗಬೇಕು?” ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಊಟದಿಂದ ಆ ಬೋರ್ಡುಗಳು ಇಳಿಯುವುದೂ ಇಲ್ಲ. ಆದರೆ ಈವುವಿನ ಆ ತಾಯಿ ನಮಗೇನೂ ಬಗ್ಗಿರಲಿಲ್ಲ. ಮನೆಗೆ ಬಂದವರಿಗೆ ಏನು ಆಗುತ್ತದೆಂದು ಕೇಳಿಕೊಳ್ಳುವುದು ಅತಿಥಿ ಸತ್ಕಾರದ ಮೊದಲ ಪಾಠ. ನಮ್ಮ ಹಲಾಲನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡವರನ್ನು ನೋಡಿದ ಮೇಲೆ, ಇನ್ನೊಬ್ಬರ ಮಡಿಯನ್ನೂ ಸಸ್ಯಾಹಾರವನ್ನೂ ಕಂಡು ಮುನಿಸಿಕೊಳ್ಳುವುದು ನಮಗೆ ಶೋಭಿಸುವುದಿಲ್ಲ.

ಊರಿಗೆ ಬಂದ ಮೇಲೆ ಎರಡು ಮನೆಯವರನ್ನು ಕೇಳಿದೆವು. ಎದುರು ಮನೆಯವರು, “ಬೇಜಾರು ಮಾಡ್ಕೋಬೇಡಿ, ನಮ್ಮತ್ತೆ ಒಪ್ಪಲ್ಲ” ಎಂದರು. ಬೇಜಾರಾಯಿತು, ಆದರೂ ಮಾತುಕತೆ ನಿಂತಿಲ್ಲ. ಮೇಲಿನ ಮನೆ ಆಂಟಿ ಮಾತ್ರ ನಕ್ಕರು: “ಹೊಸ ಪಾತ್ರೇಲಿ ಮಾಡಮ್ಮ, ಬರ್ತೀನಿ. ಇಷ್ಟು ವರ್ಷ ಒಂದಿನಾನೂ ಕರೀಲಿಲ್ವಲ್ಲ ನೀವು!”

ಹೊಸ ಬಾಣಲೆಗೆ ಖರ್ಚಾದದ್ದು ಕೆಲವು ನೂರು ರೂಪಾಯಿ. ತುಪ್ಪದ ಅನ್ನ, ತರಕಾರಿ ಕುರ್ಮ ಮಾಡಿದೆವು. ಆ ಬಾಣಲೆ ಈಗಲೂ ಬೇರೆಯೇ ಇದೆ. ಓದುವ ನೀವೂ ಒಮ್ಮೆ ನಿಮ್ಮ ಪಕ್ಕದ ಮನೆಯವರನ್ನು ಕೇಳಿ ನೋಡಿ. ‘ಇಲ್ಲ’ ಎನ್ನಬಹುದು. ಅದನ್ನಾದರೂ ಅವರ ಬಾಯಿಂದಲೇ ಕೇಳೋಣ.