ಸರದಿಯ ನೀರು



ಕಳೆದ ಜನವರಿಯ ಒಂದು ಮುಂಜಾನೆ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಿಂದ ತಿರುಮೂರ್ತಿ ಅಣೆಕಟ್ಟಿಗೆ ಸೈಕಲ್ ತುಳಿದೆ. ಸುಮಾರು 20 ಕಿಲೋಮೀಟರ್. ದಾರಿಯುದ್ದಕ್ಕೂ ತೆಂಗಿನ ತೋಟಗಳು, ಎದುರಿಗೆ ಬೆಟ್ಟದ ಸಾಲು, ಅದರ ಬುಡದಲ್ಲಿ ಕೆರೆಯಂತೆ ಹರಡಿದ ನೀರು.

ಈ ನೀರು ಬಹುಪಾಲು ಕೇರಳದ ಪರಂಬಿಕುಳಂನಿಂದ ಬರುತ್ತದೆ. ಸುರಂಗ ದಾಟಿ, ಸರ್ಕಾರ್‌ಪತಿಯಲ್ಲಿ ವಿದ್ಯುತ್ ಕೊಟ್ಟು, ಬೆಟ್ಟದಂಚಿನ ಕಾಲುವೆಯಲ್ಲಿ ಹರಿದು ಇಲ್ಲಿ ಸೇರುತ್ತದೆ. ಎಲ್ಲರಿಗೂ ಒಮ್ಮೆಲೇ ಸಾಲದು. ಆದ್ದರಿಂದ ಹೊಲಗಳನ್ನು ನಾಲ್ಕು ವಲಯಗಳಾಗಿ ಮಾಡಿ, ಸರದಿಯಂತೆ ಬಿಡುತ್ತಾರೆ.

ಹಿಂತಿರುಗುವಾಗ ದಣಿವಾರಿಸಿಕೊಳ್ಳಲು ಕಾಲುವೆಯ ಬಳಿ ನಿಂತೆ. ಕಾಲುವೆ ತುಂಬಿ ಹರಿಯುತ್ತಿತ್ತು. ಪಕ್ಕದ ಮೆಕ್ಕೆಜೋಳ ಬಾಡಿತ್ತು. ಹೊಲದ ಹಿರಿಯರನ್ನು ವಿಚಾರಿಸಿದೆ.

"ನಮ್ಮ ಸರದಿ ಇನ್ನೂ ಬಂದಿಲ್ಲ, ತಂಬಿ. ರಾತ್ರಿ ಮೋಟಾರ್ ಇಡೋಣ ಅಂದ ಮಗ. ಬೇಡ ಅಂದೆ. ಕಾಲುವೆಯ ಕೊನೆಯಲ್ಲೂ ಒಬ್ಬ ಅಪ್ಪ ಕಾಯ್ತಾ ಇರ್ತಾನಲ್ಲ?"

ಮಗ ಮೂರು ದಿನ ಮಾತು ಬಿಟ್ಟಿದ್ದನಂತೆ.

ಕಾರಿನಲ್ಲಿ ಹೋಗಿದ್ದರೆ ಈ ಮಾತು ನನಗೆ ಸಿಗುತ್ತಿರಲಿಲ್ಲ. ನಮ್ಮ ಮನೆಯ ಊಟದಲ್ಲಿ, ಆಸ್ತಿಯ ಪಾಲಿನಲ್ಲಿ, ಕಾಲುವೆಯ ಕೊನೆಯಲ್ಲಿ ನಿಂತವರು ಯಾರು? ಈ ವಾರ ಮನೆಮಂದಿ ಕೂಡಿ ಯೋಚಿಸೋಣವೇ?